ಆಕಾಶದಿಂದ ಅಳೆದ ಹಸಿರು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ. ನಗರದಲ್ಲಿ ಎಷ್ಟು ಹಸಿರು ಹೋಯಿತು, ಎಷ್ಟು ಬಂತು ಅನ್ನುವುದನ್ನು ಉಪಗ್ರಹದ ಹಳೆಯ ಮತ್ತು ಹೊಸ ಚಿತ್ರಗಳನ್ನು ಹೋಲಿಸಿ ಅಳೆಯಬಹುದು ಅಂತ. ಅದಕ್ಕೆ ಬಂದ ಪತ್ರಗಳು ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಕೆಲವರಿಗೆ ಕುತೂಹಲ, ಕೆಲವರಿಗೆ ಅನುಮಾನ, ಒಬ್ಬಿಬ್ಬರಿಗೆ ಸಿಟ್ಟು. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಗರದ ಹಸಿರು ಇಷ್ಟು ಶೇಕಡಾ ಕಡಿಮೆಯಾಯಿತು ಅಂತ ಸುದ್ದಿ ಬರುತ್ತದೆ. ಅಷ್ಟು ಎತ್ತರದಿಂದ ಉಪಗ್ರಹ ಮರಗಳನ್ನು ಎಣಿಸುತ್ತದೆಯೇ?

ಉತ್ತರ: ಇಲ್ಲ. ಅದು ಅಳೆಯುವುದು ನೆಲದಿಂದ ಚಿಮ್ಮಿ ವಾಪಸ್ ಬರುವ ಬೆಳಕನ್ನು. ಅಲ್ಲಿ ಮರ ಇದೆ ಅಂತ ಹೇಳುವುದು ಆ ಬೆಳಕನ್ನು ಓದಿದ ನಾವು. ಈ ಒಂದು ವಿಷಯ ಮನಸ್ಸಿಗೆ ಬಂದರೆ ಮುಂದಿನ ಎಲ್ಲ ಗೊಂದಲಗಳೂ ಅರ್ಧ ಬಗೆಹರಿದ ಹಾಗೆ.

ಎಲೆಯ ಸ್ವಭಾವ ಹೇಗಿದೆ ನೋಡಿ. ಅದರೊಳಗಿನ ಕ್ಲೋರೋಫಿಲ್ ಕೆಂಪು ಮತ್ತು ನೀಲಿ ಬೆಳಕನ್ನು ಹೀರಿಕೊಂಡು ಆಹಾರ ತಯಾರಿಸುತ್ತದೆ. ಹಸಿರನ್ನು ಸ್ವಲ್ಪ ಬಿಟ್ಟುಕೊಡುತ್ತದೆ, ಅದಕ್ಕೇ ಎಲೆ ನಮಗೆ ಹಸಿರಾಗಿ ಕಾಣುವುದು. ಆದರೆ ನಮ್ಮ ಕಣ್ಣಿಗೆ ಕಾಣದ ಇನ್ನೊಂದು ಬೆಳಕಿದೆ, ಕೆಂಪಿನ ಪಕ್ಕದ ನಿಯರ್ ಇನ್‌ಫ್ರಾರೆಡ್. ಎಲೆಯ ಒಳಗೆ ಸ್ಪಂಜಿನಂತೆ ಸಡಿಲವಾಗಿ ಜೋಡಿಸಿಕೊಂಡ ಜೀವಕೋಶಗಳಿವೆಯಲ್ಲ, ಅವು ಈ ಬೆಳಕನ್ನು ಹೀರದೆ ಬಹುಪಾಲು ಎಸೆದುಬಿಡುತ್ತವೆ. ಹಾಗಾಗಿ ಆರೋಗ್ಯವಾಗಿರುವ ಎಲೆ ಕೆಂಪಿನಲ್ಲಿ ಕಪ್ಪಗೆ, ಇನ್‌ಫ್ರಾರೆಡ್‌ನಲ್ಲಿ ಬೆಳ್ಳಗೆ ಕಾಣುತ್ತದೆ. ಕಾಂಕ್ರೀಟ್, ಮಣ್ಣು, ಡಾಂಬರು ಯಾವುದರಲ್ಲೂ ಇಷ್ಟು ದೊಡ್ಡ ವ್ಯತ್ಯಾಸ ಇರುವುದಿಲ್ಲ.

ಈ ವ್ಯತ್ಯಾಸವನ್ನೇ ಒಂದು ಸಂಖ್ಯೆ ಮಾಡಿದ್ದಾರೆ. ಇನ್‌ಫ್ರಾರೆಡ್‌ನಿಂದ ಕೆಂಪನ್ನು ಕಳೆಯಿರಿ, ಅದನ್ನು ಎರಡರ ಮೊತ್ತದಿಂದ ಭಾಗಿಸಿ. ಇದಕ್ಕೆ ಎನ್‌ಡಿವಿಐ ಅನ್ನುತ್ತಾರೆ. 1970ರ ದಶಕದಿಂದ ಬಳಕೆಯಲ್ಲಿದೆ. ಒಂದು ಮರ ತನ್ನ ಮೇಲೆ ಬಿದ್ದ ಕೆಂಪಿನಲ್ಲಿ ಶೇ 5, ಇನ್‌ಫ್ರಾರೆಡ್‌ನಲ್ಲಿ ಶೇ 45 ವಾಪಸ್ ಕಳಿಸಿತು ಅಂದುಕೊಳ್ಳಿ. 40ನ್ನು 50ರಿಂದ ಭಾಗಿಸಿದರೆ 0.8. ಕಾಂಕ್ರೀಟ್ ಶೇ 25 ಮತ್ತು ಶೇ 28 ಕಳಿಸಿದರೆ 3ನ್ನು 53ರಿಂದ ಭಾಗಿಸಬೇಕು, ಬರುವುದು 0.06ರ ಹತ್ತಿರ. ನೀರಿಗೆ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ. ಆಮೇಲೆ ಅಧ್ಯಯನ ಮಾಡುವವರು ಒಂದು ಗೆರೆ ಎಳೆಯುತ್ತಾರೆ, 0.3ಕ್ಕಿಂತ ಮೇಲಿದ್ದರೆ ಹಸಿರು, ಕೆಳಗಿದ್ದರೆ ಅಲ್ಲ ಅಂತ. ಆ ಗೆರೆ ಪ್ರಕೃತಿ ಎಳೆದದ್ದಲ್ಲ, ಮನುಷ್ಯರು ಎಳೆದದ್ದು. ಇನ್ನೊಬ್ಬರು 0.4 ಅಂದರೆ ಉತ್ತರವೇ ಬದಲಾಗುತ್ತದೆ.

ಪ್ರಶ್ನೆ: ನಾನು ಒಂಬತ್ತನೇ ತರಗತಿ ಓದುತ್ತಿದ್ದೇನೆ. ನಮ್ಮ ಆಟದ ಮೈದಾನಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿದ್ದಾರೆ. ಉಪಗ್ರಹಕ್ಕೆ ಅದು ಗೊತ್ತಾಗುತ್ತಾ?

ಉತ್ತರ: ಗೊತ್ತಾಗುತ್ತದೆ! ತುಂಬಾ ಒಳ್ಳೆಯ ಪ್ರಶ್ನೆ ಕೇಳಿದ್ದೀಯ. ಪ್ಲಾಸ್ಟಿಕ್ ಹುಲ್ಲು ನಮ್ಮ ಕಣ್ಣಿಗೆ ಹಸಿರು. ಆದರೆ ಅದರಲ್ಲಿ ಕ್ಲೋರೋಫಿಲ್ ಇಲ್ಲ, ಸ್ಪಂಜಿನಂಥ ಜೀವಕೋಶಗಳೂ ಇಲ್ಲ. ಹಾಗಾಗಿ ಎನ್‌ಡಿವಿಐ ಲೆಕ್ಕದಲ್ಲಿ ಅದು ನಿಜವಾದ ಹುಲ್ಲಿಗಿಂತ ತುಂಬಾ ಕೆಳಗೆ ಉಳಿಯುತ್ತದೆ. ಈ ಉಪಾಯ ಉಪಗ್ರಹಗಳಿಗಿಂತ ಹಳೆಯದು. ಎರಡನೇ ಮಹಾಯುದ್ಧದ ಸಮಯದಲ್ಲಿ ಹಸಿರು ಬಣ್ಣ ಬಳಿದು, ಬಲೆ ಹೊದಿಸಿ ಅಡಗಿಸಿಟ್ಟ ಟ್ಯಾಂಕುಗಳನ್ನು ವಿಮಾನದಿಂದ ಗುರುತಿಸಲು ಇನ್‌ಫ್ರಾರೆಡ್‌ಗೆ ಸ್ಪಂದಿಸುವ ಫಿಲಂ ಮಾಡಿದ್ದರು. ಅದರಲ್ಲಿ ಜೀವಂತ ಎಲೆ ಕೆಂಪಾಗಿ ಕಾಣುತ್ತಿತ್ತು, ಬಣ್ಣ ಬಳಿದ ಹಸಿರು ಹಾಗೆ ಕಾಣುತ್ತಿರಲಿಲ್ಲ. ನಿಮ್ಮ ಮೈದಾನದಲ್ಲಿ ಮೊದಲು ನಿಜವಾದ ಹುಲ್ಲು ಇದ್ದಿದ್ದರೆ, ಪ್ಲಾಸ್ಟಿಕ್ ಹಾಸಿದ್ದು ಯಾವ ತಿಂಗಳು ಅಂತಲೂ ಚಿತ್ರಗಳ ಸಾಲು ನೋಡಿ ಹೇಳಬಹುದು. ನಿಮ್ಮ ವಿಜ್ಞಾನ ಶಿಕ್ಷಕರ ಜೊತೆ ಕೂತು ಹುಡುಕಿ ನೋಡು.

ಪ್ರಶ್ನೆ: ಒಂದೇ ನಗರದ ಬಗ್ಗೆ ಎರಡು ವರದಿ ಓದಿದೆ. ಒಂದರಲ್ಲಿ ಹಸಿರು ಶೇ 12, ಇನ್ನೊಂದರಲ್ಲಿ ಶೇ 30. ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ, ಅಲ್ವಾ?

ಉತ್ತರ: ಇಬ್ಬರೂ ಪ್ರಾಮಾಣಿಕರೇ ಇರಬಹುದು. ಇದೇ ಈ ಕೆಲಸದ ಕಷ್ಟ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಪಿಕ್ಸೆಲ್ ವಿಷಯ. ಉಪಗ್ರಹದ ಚಿತ್ರ ಅಂದರೆ ಚೌಕಗಳ ಹಾಸು. ಅಮೆರಿಕದ ಲ್ಯಾಂಡ್‌ಸ್ಯಾಟ್‌ನಲ್ಲಿ ಒಂದು ಚೌಕ 30 ಮೀಟರ್ ಉದ್ದ, 30 ಮೀಟರ್ ಅಗಲ. ಯುರೋಪಿನ ಸೆಂಟಿನೆಲ್-2ರಲ್ಲಿ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕಿನ ಚಿತ್ರಗಳಿಗೆ 10 ಮೀಟರ್. ಅಂದರೆ ಲ್ಯಾಂಡ್‌ಸ್ಯಾಟ್‌ನ ಒಂದು ಚೌಕದಲ್ಲಿ ಸೆಂಟಿನೆಲ್‌ನ 9 ಚೌಕ ಕೂರುತ್ತವೆ. ಚೌಕದೊಳಗೆ ಏನೇ ಇರಲಿ, ಮರ, ಕಾರು, ಮನೆಯ ಮಹಡಿ, ಎಲ್ಲದರ ಬೆಳಕೂ ಬೆರೆತು ಒಂದೇ ಸಂಖ್ಯೆಯಾಗಿ ಬರುತ್ತದೆ.

ರಸ್ತೆ ಬದಿಯ ಸಾಲುಮರ ತೆಗೆದುಕೊಳ್ಳಿ. ಕೊಂಬೆಗಳ ಹರವು 6 ಮೀಟರ್ ಅಗಲ, ಉದ್ದ 30 ಮೀಟರ್. ನಿಜವಾದ ಹಸಿರು 180 ಚದರ ಮೀಟರ್. ಲ್ಯಾಂಡ್‌ಸ್ಯಾಟ್‌ನ ಚೌಕ 900 ಚದರ ಮೀಟರ್, ಅದರಲ್ಲಿ ಮರ ಐದರಲ್ಲಿ ಒಂದು ಪಾಲು ಮಾತ್ರ. ಮೇಲೆ ಕೊಟ್ಟ ಮರ ಮತ್ತು ಕಾಂಕ್ರೀಟ್ ಸಂಖ್ಯೆಗಳನ್ನೇ ಬೆರೆಸಿದರೆ ಎನ್‌ಡಿವಿಐ ಸುಮಾರು 0.2 ಬರುತ್ತದೆ. ಗೆರೆ 0.3 ಇದ್ದರೆ ಆ ಇಡೀ ಸಾಲು ಲೆಕ್ಕದಲ್ಲಿ ಸೊನ್ನೆ! ಇನ್ನು ಸೆಂಟಿನೆಲ್. ಸಾಲು 3 ಚೌಕಗಳೊಳಗೆ ಸರಿಯಾಗಿ ಕೂತರೆ ಪ್ರತಿ ಚೌಕದಲ್ಲೂ ಶೇ 60 ಮರ, ಎನ್‌ಡಿವಿಐ 0.49ರ ಹತ್ತಿರ. ಮೂರೂ ಹಸಿರು ಅಂತ ಬರೆದುಕೊಳ್ಳುತ್ತದೆ, 300 ಚದರ ಮೀಟರ್. ಒಂದು ಸೊನ್ನೆ ಅಂದಿತು, ಇನ್ನೊಂದು 300 ಅಂದಿತು, ನೆಲದ ಮೇಲೆ ಇರುವುದು 180. ಕಾಡನ್ನು ಅಳೆಯುವಾಗ ಈ ತೊಂದರೆ ಇಷ್ಟು ಕಾಡುವುದಿಲ್ಲ, ಅಲ್ಲಿ ಹಸಿರು ಅಖಂಡವಾಗಿ ಹರಡಿರುತ್ತದೆ. ನಗರದ ಹಸಿರು ಚೂರುಚೂರು. ಅಂಗಳದಲ್ಲಿ ಒಂದು, ಕಾಂಪೌಂಡ್ ಪಕ್ಕ ಒಂದು, ರಸ್ತೆ ತಿರುವಿನಲ್ಲಿ ಎರಡು.

ಎರಡನೆಯದು ಗಡಿ. 100 ಚದರ ಕಿಲೋಮೀಟರ್ ನಗರ, ಅದರಲ್ಲಿ 20 ಹಸಿರು. ಶೇ 20. ಗಡಿಯನ್ನು ಸುತ್ತಲಿನ ಹೊಲಗಳ ತನಕ ವಿಸ್ತರಿಸಿ 300 ಮಾಡಿದರು, ಹೊಸ 200ರಲ್ಲಿ 130 ಹಸಿರಿತ್ತು ಅಂದುಕೊಳ್ಳಿ. ಈಗ 300ಕ್ಕೆ 150, ಶೇ 50. ಒಂದು ಸಸಿಯನ್ನೂ ನೆಡದೆ ನಗರ ಹಸಿರಾಯಿತು! ಹಳೆಯ ವರದಿ ಮತ್ತು ಹೊಸ ವರದಿ ಹೋಲಿಸುವಾಗ ನಾನು ಮೊದಲು ನೋಡುವುದೇ ಎರಡರ ಗಡಿ ಒಂದೇನಾ ಅಂತ.

ಮೂರನೆಯದು ಹಸಿರು ಅಂದರೆ ಏನು ಅನ್ನುವುದು. ಒಬ್ಬರು ಮರಗಳನ್ನು ಮಾತ್ರ ಲೆಕ್ಕ ಹಾಕಿರಬಹುದು, ಇನ್ನೊಬ್ಬರು ಹುಲ್ಲು, ಪೊದೆ, ಬೆಳೆ, ಖಾಲಿ ಸೈಟಿನ ಕಳೆ ಎಲ್ಲವನ್ನೂ. ಮತ್ತೊಬ್ಬರು ಜನ ಒಳಗೆ ಹೋಗಿ ಕೂರಬಹುದಾದ ಪಾರ್ಕುಗಳನ್ನು ಮಾತ್ರ. ಮೂರೂ ಬೇರೆ ಬೇರೆ ಪ್ರಶ್ನೆಗಳು. ಉತ್ತರಗಳನ್ನು ಒಂದರ ಪಕ್ಕ ಒಂದು ಇಟ್ಟು ಜಗಳ ಆಡುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ: ಕಾಲೇಜು ಪ್ರಾಜೆಕ್ಟ್‌ಗೆ ಸೆಂಟಿನೆಲ್-2 ಚಿತ್ರಗಳನ್ನು ಹೋಲಿಸಿದೆ. 2019ರ ಬೇಸಿಗೆಯ ಒಂದು ಚಿತ್ರ, 2021ರ ಮಳೆಗಾಲ ಮುಗಿದ ಮೇಲಿನ ಒಂದು, 2023ರ ಬೇಸಿಗೆಯ ಒಂದು. ಹಸಿರು ಮೊದಲು ಏರಿತು, ಆಮೇಲೆ ದಿಢೀರ್ ಕುಸಿಯಿತು. ಇದು ನಿಜವೇ?

ಉತ್ತರ: ನಿಮ್ಮ ಪ್ರಾಜೆಕ್ಟ್ ಸಲ್ಲಿಸುವ ಮೊದಲೇ ಈ ಸಂಚಿಕೆ ಕೈಗೆ ಸಿಗಲಿ ಅಂತ ಆಸೆ. ಏರಿಕೆಗೂ ಇಳಿಕೆಗೂ ಬೇರೆ ಕಾರಣಗಳು ಇರುವ ಸಾಧ್ಯತೆ ಜಾಸ್ತಿ.

ಏರಿಕೆ ಬಹುಶಃ ಮಳೆಯದ್ದು. ಮಳೆಗಾಲ ಮುಗಿದಾಗ ಎಲ್ಲ ಖಾಲಿ ಜಾಗದಲ್ಲೂ ಹುಲ್ಲು ಇರುತ್ತದೆ, ಬೇಸಿಗೆಯಲ್ಲಿ ಅದು ಒಣಗಿರುತ್ತದೆ, ಕೆಲವು ಮರಗಳು ಎಲೆಯನ್ನೇ ಉದುರಿಸಿ ನಿಂತಿರುತ್ತವೆ. ನೀವು ಅಳೆದದ್ದು ಋತುವನ್ನು. ನಾನೂ ಕಲಿಯುವಾಗ ಇದೇ ತಪ್ಪು ಮಾಡಿದ್ದೆ, ಮೂರು ವಾರದ ಕೆಲಸ ಬಿಟ್ಟು ಮೊದಲಿನಿಂದ ಶುರು ಮಾಡಬೇಕಾಯಿತು. ಪ್ರತಿ ವರ್ಷ ಅದೇ ತಿಂಗಳ ಚಿತ್ರ ತೆಗೆದುಕೊಳ್ಳಿ. ಅದೂ ಒಂದು ದಿನದ ಚಿತ್ರ ಸಾಲದು. ಆ ಎರಡು ಮೂರು ತಿಂಗಳ ಎಲ್ಲ ಚಿತ್ರಗಳನ್ನು ತೆಗೆದುಕೊಂಡು, ಮೋಡ ಮತ್ತು ಮೋಡದ ನೆರಳನ್ನು ತೆಗೆದು, ಪ್ರತಿ ಪಿಕ್ಸೆಲ್‌ನ ನಡುಬೆಲೆ, ಅಂದರೆ ಮೀಡಿಯನ್, ಹುಡುಕಿ. ಎರಡು ಸೆಂಟಿನೆಲ್-2 ಉಪಗ್ರಹಗಳು ಸೇರಿ ಭೂಮಧ್ಯರೇಖೆಯ ಹತ್ತಿರವೂ 5 ದಿನಕ್ಕೊಮ್ಮೆ ಒಂದೇ ಜಾಗದ ಮೇಲೆ ಹಾದುಹೋಗುತ್ತವೆ, ಚಿತ್ರಗಳ ಕೊರತೆ ಅಷ್ಟಾಗಿ ಇರುವುದಿಲ್ಲ. ಇಷ್ಟಾದರೂ ಒಂದು ವರ್ಷ ಬರ, ಇನ್ನೊಂದು ವರ್ಷ ಒಳ್ಳೆ ಮಳೆ ಇದ್ದರೆ ಸಂಖ್ಯೆ ಏರುಪೇರಾಗುತ್ತದೆ. ಮೂರು ಚಿತ್ರದಿಂದ ತೀರ್ಮಾನಕ್ಕೆ ಬರಬೇಡಿ. ಎಲ್ಲ ವರ್ಷಗಳ ಸಾಲನ್ನು ನೋಡಿ.

ಕುಸಿತದ ವಿಷಯಕ್ಕೆ ಬರೋಣ. 2022ರ ಜನವರಿ 25ರಿಂದ ಸೆಂಟಿನೆಲ್-2 ಚಿತ್ರಗಳನ್ನು ಸಂಸ್ಕರಿಸುವ ವಿಧಾನ ಬದಲಾಯಿತು. ಪ್ರತಿ ಪಿಕ್ಸೆಲ್‌ನ ಸಂಖ್ಯೆಗೆ 1000 ಸೇರಿಸಿ ಕೊಡುತ್ತಾರೆ. ಬಳಸುವ ಮೊದಲು ನಾವು ಅದನ್ನು ಕಳೆಯಬೇಕು. ಮರೆತರೆ ಏನಾಗುತ್ತದೆ ನೋಡಿ. ಒಂದು ಮರದ ಇನ್‌ಫ್ರಾರೆಡ್ 4500, ಕೆಂಪು 500, ಅಂದರೆ ಮೊದಲು ಹೇಳಿದ ಶೇ 45 ಮತ್ತು ಶೇ 5. ಎನ್‌ಡಿವಿಐ 0.8. ಎರಡಕ್ಕೂ 1000 ಸೇರಿದರೆ 5500 ಮತ್ತು 1500. ವ್ಯತ್ಯಾಸ ಅದೇ 4000, ಆದರೆ ಭಾಗಿಸುವ ಮೊತ್ತ 7000 ಆಯಿತು. ಉತ್ತರ 0.57! ಸೊಂಪಾಗಿ ನಿಂತ ಮರ ಕಾಗದದ ಮೇಲೆ ಬಾಡಿಹೋಯಿತು. ಹಳೆಯ ಚಿತ್ರಗಳನ್ನೂ ಹೊಸ ವಿಧಾನದಲ್ಲಿ ಮತ್ತೆ ಸಂಸ್ಕರಿಸಿದ್ದಾರೆ, ಹಾಗಾಗಿ ತಾರೀಖು ನೋಡಿ ಊಹಿಸಬೇಡಿ, ಪ್ರತಿ ಫೈಲ್‌ನ ಮಾಹಿತಿಯಲ್ಲಿ ಬೇಸ್‌ಲೈನ್ ಸಂಖ್ಯೆ, ಅಂದರೆ ಸಂಸ್ಕರಣೆಯ ಆವೃತ್ತಿ, ಇರುತ್ತದೆ, ಅದು 04.00 ಅಥವಾ ಅದಕ್ಕಿಂತ ಮೇಲಿದ್ದರೆ ಕಳೆಯಿರಿ. ಉಪಗ್ರಹದ ಚಿತ್ರಗಳನ್ನು ಅಂತರ್ಜಾಲದಲ್ಲೇ ಲೆಕ್ಕ ಹಾಕಲು ಬಿಡುವ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಕೆಲಸ ಮಾಡುವವರು ಹಾರ್ಮೊನೈಸ್ಡ್ ಅನ್ನುವ ಸಂಗ್ರಹ ಬಳಸಿದರೆ ಈ ತೊಂದರೆ ಇರುವುದಿಲ್ಲ.

ಇನ್ನೊಂದು ಸಣ್ಣ ಮಾತು. ವಾತಾವರಣದ ಧೂಳು, ತೇವದ ಪ್ರಭಾವವನ್ನು ತೆಗೆದ ಚಿತ್ರಗಳನ್ನೇ ಬಳಸಿ. ಸೆಂಟಿನೆಲ್‌ನಲ್ಲಿ ಅದಕ್ಕೆ ಲೆವೆಲ್-2ಎ ಅನ್ನುತ್ತಾರೆ.

ಪ್ರಶ್ನೆ: ಎಷ್ಟು ಹಿಂದಿನವರೆಗೆ ನೋಡಬಹುದು? ನನ್ನ ಬಾಲ್ಯದ ನಗರ ಹೇಗಿತ್ತು ಅಂತ ತಿಳಿಯುವ ಆಸೆ.

ಉತ್ತರ: 1972ರವರೆಗೆ. ಆ ವರ್ಷ ಜುಲೈ 23ರಂದು ಮೊದಲ ಲ್ಯಾಂಡ್‌ಸ್ಯಾಟ್ ಹಾರಿತು. ಅದರಲ್ಲಿದ್ದ, ಬೇರೆ ಬೇರೆ ಬಣ್ಣದ ಬೆಳಕನ್ನು ಬಿಡಿಬಿಡಿಯಾಗಿ ಅಳೆಯುವ ಮಲ್ಟಿಸ್ಪೆಕ್ಟ್ರಲ್ ಸ್ಕ್ಯಾನರ್ ರೂಪಿಸಿದವರು ವರ್ಜೀನಿಯಾ ನಾರ್‌ವುಡ್ ಎಂಬ ಎಂಜಿನಿಯರ್. ಅವರನ್ನು ಲ್ಯಾಂಡ್‌ಸ್ಯಾಟ್‌ನ ತಾಯಿ ಅಂತ ಕರೆಯುತ್ತಾರೆ. ಆಗಿನ ಪಿಕ್ಸೆಲ್ ಸುಮಾರು 80 ಮೀಟರ್, ಸಾಲುಮರ ಸಿಗುವುದಿಲ್ಲ, ದೊಡ್ಡ ತೋಟ ಮತ್ತು ಕೆರೆ ಸಿಗುತ್ತವೆ. 30 ಮೀಟರ್ ಚಿತ್ರಗಳು 1980ರ ದಶಕದಿಂದ. 1984ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-5 ಬಾಳಬೇಕಿದ್ದದ್ದು 3 ವರ್ಷ, ಕೆಲಸ ನಿಲ್ಲಿಸಿದ್ದು 2013ರಲ್ಲಿ. ಆ ಒಂದು ಉಪಗ್ರಹ ಅಷ್ಟು ಬಾಳದಿದ್ದರೆ ನಗರಗಳು ಬೆಳೆದ ಕಾಲದ ಎಷ್ಟೋ ಪುಟಗಳು ಖಾಲಿ ಉಳಿಯುತ್ತಿದ್ದವು.

2003ರ ಮೇ ಕೊನೆಯ ನಂತರದ ಲ್ಯಾಂಡ್‌ಸ್ಯಾಟ್-7 ಚಿತ್ರಗಳಲ್ಲಿ ಕಪ್ಪು ಪಟ್ಟೆಗಳು ಕಾಣುತ್ತವೆ, ಗಾಬರಿಯಾಗಬೇಡಿ. ಅದರ ಒಂದು ಭಾಗ ಕೆಟ್ಟಿತು, ಪ್ರತಿ ಚಿತ್ರದಲ್ಲೂ ಸುಮಾರು ಶೇ 22 ಮಾಹಿತಿ ಇಲ್ಲ. ಮತ್ತೊಂದು ಸಂತೋಷದ ವಿಷಯ, 2008ರಲ್ಲಿ ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ಈ ಇಡೀ ಸಂಗ್ರಹವನ್ನು ಎಲ್ಲರಿಗೂ ಉಚಿತ ಮಾಡಿತು. ಅದಕ್ಕೂ ಮೊದಲು ಪ್ರತಿ ಚಿತ್ರಕ್ಕೆ ಹಣ ಕೊಡಬೇಕಿತ್ತು. ಹಣ ಕೊಟ್ಟು ಕೊಂಡ ಎರಡು ಚಿತ್ರ ಹೋಲಿಸುವುದಕ್ಕೂ, ಇಡೀ ನಲವತ್ತು ವರ್ಷದ ಸಾಲನ್ನು ಹರಡಿಕೊಂಡು ನೋಡುವುದಕ್ಕೂ ಅಜಗಜಾಂತರ.

ಪ್ರಶ್ನೆ: ನಮ್ಮ ರಸ್ತೆಯ ದೊಡ್ಡ ಮರಗಳನ್ನು ಕಡಿದರು. ಅದರ ಬದಲು ಬೇರೆ ಕಡೆ ಒಂದಕ್ಕೆ ಹತ್ತರಂತೆ ಸಸಿ ನೆಟ್ಟಿದ್ದೇವೆ ಅನ್ನುತ್ತಾರೆ, ಒಟ್ಟು ಹಸಿರು ಹಾಗೇ ಇದೆ ಅಂತ ಒಂದು ನಕ್ಷೆಯನ್ನೂ ತೋರಿಸುತ್ತಾರೆ. ನನಗೆ ನಂಬಿಕೆ ಬರುತ್ತಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಅನುಮಾನಕ್ಕೆ ಆಧಾರ ಇದೆ.

ಸುಮ್ನೆ ಒಂದು ಲೆಕ್ಕ ಮಾಡೋಣ. ದೊಡ್ಡ ಮರದ ಕೊಂಬೆಗಳ ಹರವು 10 ಮೀಟರ್ ಇದ್ದರೆ ಅದು ನೆಲದ ಮೇಲೆ ಸುಮಾರು 78 ಚದರ ಮೀಟರ್ ನೆರಳು ಹಿಡಿಯುತ್ತದೆ. ಸಸಿಯ ಹರವು ಒಂದು ಮೀಟರ್ ಅನ್ನಿ, ಅದು ಮುಚ್ಚುವುದು ಒಂದು ಚದರ ಮೀಟರ್‌ಗಿಂತಲೂ ಕಡಿಮೆ. ಹರವು ಹತ್ತು ಪಟ್ಟು ಆದರೆ ವಿಸ್ತೀರ್ಣ ನೂರು ಪಟ್ಟು. ಆ ಒಂದು ಮರದ ಜಾಗ ತುಂಬಲು ಇವತ್ತಿಗೆ ಹತ್ತಲ್ಲ, ನೂರು ಸಸಿ ಬೇಕು. ಅವೆಲ್ಲ ಬದುಕಿದರೆ ಮುಂದಿನ ಮಾತು ಬೇರೆ. ಬದುಕಿದವೇ ಅಂತ ನೋಡಲು ಉಪಗ್ರಹದ ಚಿತ್ರವೇ ಒಳ್ಳೆಯ ಸಾಕ್ಷಿ. ನೆಟ್ಟ ಜಾಗವನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತಾ ಹೋದರೆ ಐದಾರು ವರ್ಷದಲ್ಲಿ ಸತ್ಯ ತಾನಾಗಿ ಕಾಣುತ್ತದೆ.

ಹಾಗಾದರೆ ನಕ್ಷೆಯಲ್ಲಿ ಹಸಿರು ಹೇಗೆ ಉಳಿಯಿತು? ಹುಲ್ಲುಹಾಸಿನಿಂದ ಉಳಿದಿರಬಹುದು. ನೀರು ಹಾಕಿ ಬೆಳೆಸಿದ ಹುಲ್ಲಿಗೂ ದೊಡ್ಡ ಮರಕ್ಕೂ ಎನ್‌ಡಿವಿಐ ಹೆಚ್ಚು ಕಡಿಮೆ ಒಂದೇ ಬರುತ್ತದೆ. ಅಲ್ಲದೆ ಎಲೆಗಳ ಪದರ ದಟ್ಟವಾದ ಮೇಲೆ ಆ ಸಂಖ್ಯೆ ಏರುವುದೇ ನಿಂತುಬಿಡುತ್ತದೆ, ಮೂರು ಪದರ ಎಲೆಗೂ ಆರು ಪದರಕ್ಕೂ ಅದು ಸರಿಯಾಗಿ ವ್ಯತ್ಯಾಸ ಹೇಳಲಾರದು. ನೆರಳು ಕೊಡುವ, ಹಕ್ಕಿ ಕೂರುವ, ಮಳೆ ನೀರನ್ನು ತಡೆದು ನಿಧಾನ ಇಳಿಸುವ ಒಂದು ಮರ ಹೋಗಿ ಅಷ್ಟೇ ಅಗಲದ ಹುಲ್ಲು ಬಂದರೆ ಈ ಲೆಕ್ಕ ಅದನ್ನು ನಷ್ಟ ಅನ್ನುವುದೇ ಇಲ್ಲ. ಇದು ನನಗೆ ತುಂಬಾ ನೋವು ಕೊಡುವ ವಿಷಯ.

ಮರ ಮತ್ತು ಹುಲ್ಲನ್ನು ಬೇರೆ ಮಾಡಲು ಎತ್ತರ ಬೇಕು. ವಿಮಾನದಿಂದ ಲೇಸರ್ ಬಿಟ್ಟು, ಅದು ಬಡಿದು ವಾಪಸ್ ಬರುವ ಸಮಯದಿಂದ ಎತ್ತರ ಅಳೆಯುವ ಲೈಡಾರ್ ಇದೆ. ಅದಿಲ್ಲದಿದ್ದರೆ ಒಂದು ಮೀಟರ್‌ಗಿಂತ ಸಣ್ಣ ಪಿಕ್ಸೆಲ್‌ನ ಚಿತ್ರ ನೋಡಿ, ಅದರಲ್ಲಿ ಮರದ ನೆರಳೂ ದುಂಡನೆಯ ನೆತ್ತಿಯೂ ಕಣ್ಣಿಗೆ ಕಾಣುತ್ತವೆ. ನೀವು ಅವರನ್ನು ಮೂರು ವಿಷಯ ಕೇಳಿ. ಇದರಲ್ಲಿ ಮರ ಎಷ್ಟು, ಹುಲ್ಲು ಎಷ್ಟು? ಹೋದದ್ದು ಎಷ್ಟು, ಬಂದದ್ದು ಎಷ್ಟು, ಎರಡನ್ನೂ ಕೂಡಿ ಕಳೆಯದೆ ಬೇರೆ ಬೇರೆ ಹೇಳಿ. ಚಿತ್ರ ಯಾವ ತಿಂಗಳದ್ದು?

ಪ್ರಶ್ನೆ: ಕೆರೆಯ ತುಂಬಾ ಕಳೆ ಬೆಳೆದಿದೆ. ಅದೂ ಹಸಿರು ಲೆಕ್ಕಕ್ಕೆ ಸೇರುತ್ತದೆಯೇ?

ಉತ್ತರ: ಗಮನಿಸದಿದ್ದರೆ ಖಂಡಿತ ಸೇರುತ್ತದೆ. ಕೊಳಚೆ ನೀರು ಬಂದು ಕಳೆ ಹಬ್ಬಿದಷ್ಟೂ ನಗರ ಹಸಿರಾದ ಹಾಗೆ ಕಾಣುತ್ತದೆ. ಕೆರೆಗಳ ಗಡಿಯನ್ನು ಮೊದಲೇ ಗುರುತು ಮಾಡಿಕೊಂಡು ಬೇರೆ ಇಡಬೇಕು.

ಪ್ರಶ್ನೆ: ನಕ್ಷೆ ಶೇ 90 ನಿಖರ ಅಂತ ಬರೆದಿರುತ್ತಾರೆ. ಅಷ್ಟಾದರೆ ನಂಬಬಹುದಲ್ಲ?

ಉತ್ತರ: ಒಂದು ನಕ್ಷೆಗೆ ಪರವಾಗಿಲ್ಲ. ಬದಲಾವಣೆ ಅಳೆಯಲು ಎರಡು ನಕ್ಷೆ ಬೇಕಲ್ಲ. ಎರಡರ ತಪ್ಪುಗಳೂ ಒಂದಕ್ಕೊಂದು ಸಂಬಂಧವಿಲ್ಲದೆ ಬಿದ್ದಿದ್ದರೆ, ಎರಡರಲ್ಲೂ ಸರಿಯಾಗಿರುವ ಜಾಗ 0.9 ಗುಣಿಸು 0.9, ಅಂದರೆ ಶೇ 81. ಉಳಿದ ಶೇ 19ರಲ್ಲಿ ಯಾವುದೋ ಒಂದು ನಕ್ಷೆ ತಪ್ಪು. ನಿಜವಾಗಿ ಬದಲಾದ ಜಾಗ ಶೇ 4 ಇದ್ದರೆ ಅದನ್ನು ಆ ತಪ್ಪುಗಳ ನಡುವೆ ಹುಡುಕುವುದು ಹೇಗೆ? ಸಿದ್ಧ ನಕ್ಷೆಗಳನ್ನು ಹೋಲಿಸುವಾಗಲೂ ಎಚ್ಚರ ಬೇಕು. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ವರ್ಲ್ಡ್‌ಕವರ್ ನಕ್ಷೆ, ಎಲ್ಲಿ ಮರ, ಎಲ್ಲಿ ಹುಲ್ಲು, ಎಲ್ಲಿ ಕಟ್ಟಡ ಅಂತ ತೋರಿಸುವಂಥದ್ದು, 2020ಕ್ಕೂ ಇದೆ, 2021ಕ್ಕೂ ಇದೆ. ಎರಡನ್ನೂ ಬೇರೆ ಬೇರೆ ಆವೃತ್ತಿಯ ವಿಧಾನದಲ್ಲಿ ಮಾಡಿದ್ದಾರೆ, ಅವುಗಳ ನಡುವಿನ ವ್ಯತ್ಯಾಸ ಪೂರ್ತಿ ನೆಲದ ಬದಲಾವಣೆ ಅಲ್ಲ ಅಂತ ಅವರೇ ಹೇಳಿದ್ದಾರೆ.

ಪ್ರಶ್ನೆ: ಒಂದು ನಗರಕ್ಕೆ ಎಷ್ಟು ಹಸಿರು ಇದ್ದರೆ ಸಾಕು?

ಉತ್ತರ: 2021ರಲ್ಲಿ ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ 3-30-300 ಅಂತ ಒಂದು ಸೂತ್ರ ಮುಂದಿಟ್ಟರು. ಮನೆಯಿಂದ 3 ಮರ ಕಾಣಬೇಕು, ಬಡಾವಣೆಯ ಶೇ 30 ಭಾಗದ ಮೇಲೆ ಮರಗಳ ನೆರಳಿರಬೇಕು, 300 ಮೀಟರ್ ಒಳಗೆ ಪಾರ್ಕ್ ಇರಬೇಕು. ನನಗೆ ಇದರಲ್ಲಿ ಇಷ್ಟವಾಗುವುದು ಬಡಾವಣೆ ಅನ್ನುವ ಮಾತು. ಇಡೀ ನಗರದ ಸರಾಸರಿಯಲ್ಲಿ ಒಂದು ಕಡೆಯ ತಂಪು ಇನ್ನೊಂದು ಕಡೆಯ ಬಿಸಿಲನ್ನು ಮುಚ್ಚಿಬಿಡುತ್ತದೆ. ಆದರೆ ಕಿಟಕಿಯಿಂದ ಮರ ಕಾಣುತ್ತದೋ ಇಲ್ಲವೋ ಅನ್ನುವುದನ್ನು ಮೇಲಿಂದ ನೋಡಿ ನೇರವಾಗಿ ಹೇಳಲಾಗದು.

ಪ್ರಶ್ನೆ: ನಾನು ನಿವೃತ್ತ. ಪ್ರೋಗ್ರಾಮಿಂಗ್ ಬರುವುದಿಲ್ಲ. ನಮ್ಮ ಬಡಾವಣೆಯ ಹಸಿರನ್ನು ನಾನೇ ಅಳೆಯಬಹುದೇ?

ಉತ್ತರ: ಅಳೆಯಬಹುದು, ಮತ್ತು ಮೇಲೆ ಹೇಳಿದ ಎಷ್ಟೋ ತಪ್ಪುಗಳು ನಿಮ್ಮ ಲೆಕ್ಕದಲ್ಲಿ ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ಗೂಗಲ್ ಅರ್ಥ್ ತೆರೆಯಿರಿ. ಅದರಲ್ಲಿ ಹಳೆಯ ವರ್ಷಗಳ ಚಿತ್ರ ನೋಡುವ ಸೌಲಭ್ಯ ಇದೆ. ಬಡಾವಣೆಯ ಗಡಿ ಎಳೆದುಕೊಂಡು, ಅದರೊಳಗೆ ಕಣ್ಣುಮುಚ್ಚಿ ಎಸೆದ ಹಾಗೆ 200 ಚುಕ್ಕಿ ಇಡಿ. ನಿಮಗೆ ಬೇಕಾದ ಜಾಗದಲ್ಲಿ ಇಡಬಾರದು, ಅದೊಂದೇ ಕಟ್ಟುನಿಟ್ಟು. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಇಂಥ ಚುಕ್ಕಿಗಳನ್ನು ತಾನೇ ಹಾಕಿಕೊಡುತ್ತದೆ, ಮನೆಯ ಮಕ್ಕಳು ಯಾರಾದರೂ ಒಮ್ಮೆ ತೋರಿಸಿಕೊಟ್ಟರೆ ಸಾಕು. ಈಗ ಪ್ರತಿ ಚುಕ್ಕಿ ಯಾವುದರ ಮೇಲೆ ಬಿದ್ದಿದೆ ಅಂತ ನೋಡಿ ಬರೆದುಕೊಳ್ಳಿ: ಮರ, ಹುಲ್ಲು, ಕಟ್ಟಡ, ರಸ್ತೆ, ಮಣ್ಣು, ನೀರು. 200ರಲ್ಲಿ 60 ಮರದ ಮೇಲೆ ಬಿದ್ದರೆ ಶೇ 30. ಇದರಲ್ಲಿ ಸುಮಾರು 6 ಅಂಶ ಆಚೀಚೆ ಇರಬಹುದು, ಅಂದರೆ ನಿಜ 24 ಮತ್ತು 36ರ ನಡುವೆ ಎಲ್ಲೋ ಇರುವ ಸಾಧ್ಯತೆ ಶೇ 95ರಷ್ಟು. 1000 ಚುಕ್ಕಿ ಇಟ್ಟರೆ ಆ ಆಚೀಚೆ 3 ಅಂಶಕ್ಕೆ ಇಳಿಯುತ್ತದೆ.

ಹಳೆಯ ವರ್ಷಕ್ಕೂ ಅವೇ ಚುಕ್ಕಿಗಳನ್ನು ಬಳಸಿ, ಹೊಸ ಚುಕ್ಕಿ ಹಾಕಬೇಡಿ. ಆಗ ಮರವಿದ್ದ ಯಾವ ಚುಕ್ಕಿ ಈಗ ಕಟ್ಟಡ, ಯಾವ ಮಣ್ಣು ಈಗ ಮರ ಅನ್ನುವುದು ಒಂದೊಂದಾಗಿ ಸಿಗುತ್ತದೆ, ಬದಲಾವಣೆಯ ಲೆಕ್ಕವೂ ಗಟ್ಟಿಯಾಗುತ್ತದೆ. ಎತ್ತರದ ಕಟ್ಟಡಗಳು ಚಿತ್ರದಲ್ಲಿ ಒಂದು ಬದಿಗೆ ವಾಲಿದ ಹಾಗೆ ಕಾಣಬಹುದು, ಪಕ್ಕದ ಮರವನ್ನು ಮುಚ್ಚಬಹುದು. ಅಂಥ ಚುಕ್ಕಿಗೆ ಗೊತ್ತಿಲ್ಲ ಅಂತಲೇ ಬರೆಯಿರಿ. ಅವುಗಳ ಪಟ್ಟಿ ಹಿಡಿದುಕೊಂಡು ಒಂದು ಸಂಜೆ ನಡೆದು ಬನ್ನಿ. ಪ್ರತಿ ಚಿತ್ರದ ತಾರೀಖನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದಿಡಿ, ಮುಂದೆ ಇನ್ನೊಬ್ಬರು ಇದನ್ನು ಮುಂದುವರಿಸುವಾಗ ಮೊದಲು ಕೇಳುವುದು ಅದನ್ನೇ.